ರೈಟ್ ಅನ್ನುವ ತನಕ

ಜೈನುದ್ದೀನನನ್ನು ಹೊಗಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅಂಥ ಮೊಂಡನ ಜೊತೆ ಒಂದೇ ಬಸ್ಸಿನಲ್ಲಿ ಅರ್ಧ ಆಯುಷ್ಯ ಕಳೆದದ್ದಕ್ಕೆ ನನ್ನನ್ನೇ ಯಾರಾದರೂ ಹೊಗಳಬೇಕು. ಅವನು ಡ್ರೈವರ್, ನಾನು ಕಂಡಕ್ಟರ್ ಅಪ್ಪಾಸಾಬ. ಇಂಡಿಯಿಂದ ಹೊರಟು ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ ಮುಟ್ಟುವ ಗಾಡಿ ನಮ್ಮದು. ಗಾಡಿಗಳು ಬದಲಾದವು, ಹರಿದು ಕೊಡುವ ಟಿಕೆಟ್ ಹೋಗಿ ಮಷಿನ್ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆಗಿ ಕಾಲಿಡಲು ಜಾಗ ಇಲ್ಲದಂತಾಯಿತು. ನಾವಿಬ್ಬರು ಮಾತ್ರ ಬದಲಾಗಲಿಲ್ಲ. ಡಿಪೋದಲ್ಲಿ ನಮ್ಮನ್ನು ಗಂಡ ಹೆಂಡತಿ ಅಂತ ಚಾಷ್ಟಿ ಮಾಡುತ್ತಿದ್ದರು. ಗಂಡ ಯಾರು ಎಂಬುದರ ಬಗ್ಗೆ ಮಾತ್ರ ನಮ್ಮ ನಡುವೆ ಇನ್ನೂ ತಕರಾರು ಇದೆ.

ಅವನು ಯಂಕಂಚಿಯವನು. ಗಿಡ್ಡ ಆಳು, ಅಗಲ ಭುಜ, ಮೆಹಂದಿ ಹಚ್ಚಿದ ಗಡ್ಡ. ನನಗಿಂತ ಸ್ವಲ್ಪ ದೊಡ್ಡವನು, ಅದಕ್ಕೇ ಜೈನಣ್ಣ ಅನ್ನುತ್ತೇನೆ. ಸಿಟ್ಟು ಬಂದಾಗ ಅಣ್ಣ ಬಿಟ್ಟುಹೋಗುತ್ತದೆ, ಮತ್ತು ನನಗೆ ಸಿಟ್ಟು ಬರುವುದು ಹೆಚ್ಚು. ಮುಂಜಾನೆ ಡಿಪೋಕ್ಕೆ ಬಂದವನೇ ಹಳೆಯ ಪೇಪರು ನೀರಿನಲ್ಲಿ ಅದ್ದಿ ಮುಂದಿನ ಗ್ಲಾಸನ್ನು ಉಜ್ಜುತ್ತಿದ್ದ. ಒಂದು ಹುಳದ ಕಲೆ ಉಳಿದರೂ ಗಾಡಿ ತೆಗೆಯುತ್ತಿರಲಿಲ್ಲ. ತಡವಾಯಿತು ಅಂತ ನಾನು ಒದರಿದರೆ, ಕಾಣಿಸದೆ ಹೋಗುವುದಕ್ಕಿಂತ ತಡವಾಗಿ ಹೋಗುವುದೇ ಚಲೋ ಅನ್ನುತ್ತಿದ್ದ.

ಅವನ ಇನ್ನೊಂದು ಹಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಂಡಕ್ಟರ್ ‘ರೈಟ್’ ಅನ್ನದೆ ಅವನ ಗಾಡಿ ಅಲುಗುತ್ತಿರಲಿಲ್ಲ. ಎಲ್ಲ ಡ್ರೈವರುಗಳೂ ಹಾಗೆ ಹೇಳುತ್ತಾರೆ, ಆದರೆ ಕನ್ನಡಿಯಲ್ಲಿ ಬಾಗಿಲು ಖಾಲಿ ಕಂಡರೆ ಬಿಟ್ಟೇಬಿಡುತ್ತಾರೆ. ಇವನು ಸಣ್ಣವನಿದ್ದಾಗ ಊರಿನ ಮುಂದೆ ಒಬ್ಬ ಬಸುರಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿರುವಾಗಲೇ ಬಸ್ಸು ಹೊರಟಿದ್ದನ್ನು ಕಣ್ಣಾರೆ ನೋಡಿದ್ದನಂತೆ. ಮುಂದೇನಾಯಿತು ಅಂತ ಅವನೂ ಹೇಳಿಲ್ಲ, ನಾನೂ ಕೇಳಿಲ್ಲ. ಒಮ್ಮೆ ಸಿಂದಗಿ ಸ್ಟ್ಯಾಂಡಿನಲ್ಲಿ ಇಂಜಿನ್ ಚಾಲೂ ಇಟ್ಟಿದ್ದಾಗ ನಾನು ಚಹಾದಂಗಡಿಯಲ್ಲಿ ಯಾರ ಜೊತೆಗೋ ಜಗಳಕ್ಕೆ ನಿಂತುಬಿಟ್ಟೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ, ಕಂಟ್ರೋಲರ್ ಬಂದು ಬೈದ. ಜೈನುದ್ದೀನ ಗೇರಿನ ಮೇಲೆ ಕೈಯಿಟ್ಟು ಕಲ್ಲಿನಂತೆ ಕುಳಿತಿದ್ದ. ಅವನ ಹೆಂಡತಿ ಗೌಸಬಿಗೆ ಈ ‘ರೈಟ್’ ಎಂಬ ಮಾತಿನ ಮೇಲೇ ಹೊಟ್ಟೆಕಿಚ್ಚು. ನಿಮ್ಮ ಒಂದು ಮಾತಿಗೆ ಹೊರಡುವ ಮನುಷ್ಯ ನನ್ನ ನೂರು ಮಾತಿಗೂ ಕುರ್ಚಿ ಬಿಟ್ಟು ಏಳುವುದಿಲ್ಲ ಅಂತ ನನ್ನೆದುರಿಗೇ ಅನ್ನುತ್ತಿದ್ದಳು.

ಇಂಥವನಿಗೆ ಒಂದು ಜಂಬವೂ ಇತ್ತು. ಇಂಡಿ ಬಿಟ್ಟರೆ ಬಾಗೇವಾಡಿ ತನಕ ಅವನು ಮೂತ್ರಕ್ಕೆ ಇಳಿಯುತ್ತಿರಲಿಲ್ಲ. ಡ್ಯೂಟಿಯ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ಡ್ರೈವರ್ ಆದವನು ತನ್ನ ಸಲುವಾಗಿ ಗಾಡಿ ನಿಲ್ಲಿಸಬಾರದು ಅನ್ನುತ್ತಿದ್ದ.

ಹೋದ ವರ್ಷ ಜೋಳ ತೆನೆ ಹಾಯುವ ಹೊತ್ತಿಗೆ ಆ ಜಂಬ ಮುರಿಯಿತು. ಸಿಂದಗಿ ದಾಟಿ ಸ್ವಲ್ಪ ಹೋಗುವುದರೊಳಗೆ ಒಂದು ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸಿದ. ಕೈಯಲ್ಲಿ ಕಬ್ಬಿಣದ ಲಿವರ್ ಹಿಡಿದು ಇಳಿದು, ಹಿಂದಿನ ಟೈರನ್ನು ಎರಡು ಸಲ ಬಡಿದು, ಗಿಡದ ಮರೆಗೆ ಹೋದ. ಮರುದಿನ ಮತ್ತೆ ಅದೇ. ಒಂದು ವಾರದಲ್ಲಿ ದಾರಿಯಲ್ಲಿ ಮೂರು ಕಡೆ ಟೈರ್ ನೋಡುವುದು ಶುರುವಾಯಿತು. ಹೋಗುತ್ತಿದ್ದ, ಬಹಳ ಹೊತ್ತು ನಿಲ್ಲುತ್ತಿದ್ದ, ಸಮಾಧಾನ ಇಲ್ಲದ ಮುಖ ಹೊತ್ತು ಬರುತ್ತಿದ್ದ. ನಾನೂ ಜನರಿಗೆ ಟೈರಿನದೇ ಕಥೆ ಹೇಳುತ್ತಿದ್ದೆ. ದೇವರ ಹಿಪ್ಪರಗಿ ಸಂತೆಗೆ ಬರುವ ಹೆಣ್ಣುಮಕ್ಕಳು ಈ ಗಾಡಿಯ ಟೈರು ಯಾವ ಕಾಲದ್ದು ಮಾಸ್ತರ ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ. ದವಾಖಾನೆಗೆ ತೋರಿಸು ಅಂದರೆ ಅವನು ನನ್ನ ಮೇಲೆ ಹರಿಹಾಯುತ್ತಿದ್ದ.

ಕೊನೆಗೆ ಸುಗ್ಗಿಯ ದಿನಗಳಲ್ಲಿ ಒಂದು ಮಧ್ಯಾಹ್ನ, ಬಾಗೇವಾಡಿ ಸ್ಟ್ಯಾಂಡಿನ ಮೂತ್ರಿಖಾನೆಯಿಂದ ಬಂದವನ ಮುಖ ಬಿಳಿಚಿಹೋಗಿತ್ತು. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಏನಾಯಿತು ಅಂದೆ. ಹತ್ತು, ಹೊತ್ತಾಯಿತು ಅಂದ. ಮುದ್ದೇಬಿಹಾಳದ ರಸ್ತೆಯಲ್ಲಿ ಪ್ರತಿ ಕುಲುಕಿಗೂ ಅವನು ತುಟಿ ಕಚ್ಚುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಜನರನ್ನು ತಳ್ಳಿಕೊಂಡು ಕ್ಯಾಬಿನ್ನಿಗೆ ಹೋದೆ. ಅವನ ಕೆಳಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಒಂದು ಹನಿಯೂ ಬಂದಿರಲಿಲ್ಲ. ನಿಲ್ಲಿಸು ಅಂತ ಬಾಯಿಗೆ ಬಂದಂತೆ ಬೈದೆ.

“ಮಂದೀನ ನಡುದಾರ್ಯಾಗ ಇಳಸಂಗಿಲ್ಲ, ಅಪ್ಪಾಸಾಬ. ಮುಟ್ಟಸ್ತೇನಿ,” ಅಂದ.

ಮುಟ್ಟಿಸಿದ. ಕೊನೆಯ ಮುದುಕಿ ಇಳಿದು ಕೋಲು ಊರಿ ದೂರ ಹೋಗುವ ತನಕ ಹ್ಯಾಂಡ್‌ಬ್ರೇಕ್ ಹಿಡಿದು ಕುಳಿತಿದ್ದು, ಆಮೇಲೆ ಸ್ಟೇರಿಂಗ್ ಮೇಲೆ ತಲೆ ಇಟ್ಟುಬಿಟ್ಟ. ಆಸ್ಪತ್ರೆಯಲ್ಲಿ ಪೈಪು ಹಾಕಿ ಮೂತ್ರ ತೆಗೆದರು. ಆಗ ಅವನು ಅತ್ತ. ನೋವು ಹೋದದ್ದಕ್ಕೋ ಮಾನ ಹೋದದ್ದಕ್ಕೋ ನನಗೆ ಗೊತ್ತಾಗಲಿಲ್ಲ.

ಅಲ್ಲಿಂದ ವಿಜಯಪುರದ ಡಾಕ್ಟರ್ ಮುತ್ತುರಾಜ ಅವರಲ್ಲಿಗೆ ಕಳಿಸಿದರು. ಅವರು ಮೂತ್ರದ ರೋಗದ ಡಾಕ್ಟರು, ನಿಧಾನ ಮಾತಿನವರು. ಗಂಡಸರಿಗೆ ಮೂತ್ರಚೀಲದ ಬುಡದಲ್ಲಿ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದೆ, ವಯಸ್ಸಾದಂತೆ ಬಹಳ ಮಂದಿಗೆ ಅದು ದಪ್ಪವಾಗುತ್ತದೆ, ದಪ್ಪವಾದದ್ದೆಲ್ಲ ಕ್ಯಾನ್ಸರ್ ಅಲ್ಲ ಅಂದರು. ಗೌಸಬಿ ಉಸಿರು ಬಿಟ್ಟಳು. ಆದರೆ ರಕ್ತದಲ್ಲಿ ನೋಡುವ ಒಂದು ಅಂಶ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಮೂತ್ರ ಕಟ್ಟಿದಾಗಲೂ ಅದು ಏರುತ್ತದೆ, ಕೆಲವು ವಾರ ಬಿಟ್ಟು ನೋಡೋಣ ಅಂತ ಗುಳಿಗೆ ಕೊಟ್ಟರು. ಪೈಪು ತೆಗೆದರು, ಮೂತ್ರ ಸರಾಗವಾಯಿತು. ಮತ್ತೆ ರಕ್ತ ನೋಡಿದರೆ ಆ ಅಂಶ ಇಳಿದೇ ಇರಲಿಲ್ಲ. ಎಂಆರ್‌ಐ ಮಾಡಿಸಲೇಬೇಕು, ಒಳಗೆ ಗಡ್ಡೆ ಇದ್ದರೆ ಎಲ್ಲಿದೆ ಅಂತ ಕಾಣಬೇಕು, ಆಮೇಲೆ ಅಲ್ಲಿಗೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಬೇಕು ಅಂದರು.

ಸ್ಕ್ಯಾನ್ ಸೆಂಟರಿನಲ್ಲಿ ಗೌಸಬಿಯೂ ನಾನೂ ಹೊರಗೆ ಕುಳಿತೆವು. ಅವಳ ಕೈಯಲ್ಲಿ ತಸ್ಬಿಯ ಜಪಮಣಿ ತಿರುಗುತ್ತಿತ್ತು. ದಪ್ಪ ಬಾಗಿಲಿನಾಚೆ ಮಷಿನ್ ಗಡಗಡ ಅನ್ನುವುದು, ಸುಮ್ಮನಾಗುವುದು, ಬೇರೆ ದನಿಯಲ್ಲಿ ಮತ್ತೆ ಶುರುವಾಗುವುದು ಕೇಳುತ್ತಿತ್ತು. ಅದು ಸುಮ್ಮನಾದಾಗಲೆಲ್ಲ ನಾನು ಎದ್ದು ಬಾಗಿಲಿನ ತನಕ ಹೋಗಿ ಬರುತ್ತಿದ್ದೆ. ಕೊನೆಗೆ ಮಷಿನ್ ನಡೆಸುವ ಹುಡುಗಿ ವಿಜಯಶ್ರೀ ಹೊರಗೆ ಬಂದಳು, ಹಿಂದೆಯೇ ಜೈನುದ್ದೀನ. ಕಾಕಾ ಒಳಗೆ ಅಲುಗಾಡಿದ್ದಾರೆ, ಚಿತ್ರಗಳು ಹೊಯ್ದಾಡಿವೆ, ಮೈಕಿನಲ್ಲಿ ಹೇಳಿದರೂ ಮತ್ತೆ ಅಲುಗಿದ್ದಾರೆ, ಇನ್ನೊಮ್ಮೆ ಮಲಗಿದರೆ ಚಲೋ ಅಂದಳು. ಹೊಟ್ಟೆ ತುಂಬ ಉಂಡು ಬಂದದ್ದೂ ತಪ್ಪು, ಕರುಳಿನ ಗಾಳಿಯೂ ಚಿತ್ರ ಕೆಡಿಸುತ್ತದೆ ಅಂದಳು. ಊರು ಬಿಟ್ಟು ದವಾಖಾನೆಗೆ ಹೋಗುವವರನ್ನು ಹಸಿದು ಕಳಿಸಬಾರದು ಅಂತ ಗೌಸಬಿ ಬೆಳಿಗ್ಗೆ ರೊಟ್ಟಿ, ಕಡಲೆ ಪಲ್ಯ ಬಡಿಸಿದ್ದಳು. ಪಾಪ, ಅವಳು ನೆಲ ನೋಡಿದಳು.

“ನಾ ಕೂದಲೆಳಿಯಷ್ಟೂ ಅಲುಗಿಲ್ಲ,” ಅಂದ ಜೈನುದ್ದೀನ. “ನಾ ಸುಳ್ಳ ಹೇಳೂ ಮನಷ್ಯಾನೂ ಅಲ್ಲ.”

ಸುಳ್ಳು ಅಂತ ಯಾರೂ ಅಂದಿರಲಿಲ್ಲ. ಆದರೆ ಅವನಿಗೆ ಹಾಗೇ ಕೇಳಿಸಿತು. ಹುಡುಗಿ ನನ್ನ ಮುಖ ನೋಡಿದಳು. ನಾನು ಏನಾದರೂ ಅನ್ನುವುದರೊಳಗೆ ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ರಿಪೋರ್ಟು ಬಂತು. ಸಂಶಯ ಪಡುವಂಥದ್ದು ಏನೂ ಕಾಣಲಿಲ್ಲ ಅಂತ ಇತ್ತು. ಚಿತ್ರಗಳು ಸ್ಪಷ್ಟವಿಲ್ಲ, ಇದರ ಮೇಲೆ ಪೂರ್ತಿ ಭರವಸೆ ಇಡಬೇಡಿ ಅಂತಲೂ ಇತ್ತು. ಮೊದಲ ಮಾತು ಇಡೀ ಓಣಿಗೆ ಮುಟ್ಟಿತು, ಎರಡನೆಯದು ಮನೆಯೊಳಗೂ ಉಳಿಯಲಿಲ್ಲ. ಗೌಸಬಿ ದೇವರ ಹೆಸರಿನಲ್ಲಿ ಸಕ್ಕರೆ ಓದಿಸಿ ಮನೆಮನೆಗೆ ಹಂಚಿದಳು. ನನ್ನ ಕೈಗೂ ಒಂದು ಚಿಟಿಕೆ ಬಂತು. ಬಾಯಿಗೆ ಹಾಕಿಕೊಂಡೆ, ಆದರೆ ಆ ಹುಡುಗಿಯ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ.

ಡಾಕ್ಟರ್ ಮುತ್ತುರಾಜ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ನನ್ನನ್ನೂ ಹತ್ತಿರ ಕರೆದರು. ನನಗೆ ಬೂದಿ ಬಣ್ಣದ ರಾಡಿ ಕಂಡಿತು.

“ಇದು ಓಡೂ ಬಸ್ಸಿನ್ಯಾಗಿಂದ ತಗದ ಫೋಟೋ ಇದ್ದಂಗ ಐತ್ರಿ,” ಅಂದರು. “ಇದರಾಗ ಯಾರೂ ಕಾಣವಲ್ರು ಅಂದ್ರ, ಅಲ್ಲಿ ಯಾರೂ ಇರಲಿಲ್ಲ ಅಂತ ಹೇಳಾಕ ಬರಂಗಿಲ್ಲ.”

ರಕ್ತ ಒಂದು ಹೇಳುತ್ತಿದೆ, ಚಿತ್ರ ಏನೂ ಹೇಳುತ್ತಿಲ್ಲ, ಹಾಗಾಗಿ ಮತ್ತೊಮ್ಮೆ ಸ್ಕ್ಯಾನ್ ಆಗಲಿ, ಇಲ್ಲವಾದರೆ ಅಂದಾಜಿನ ಮೇಲೆ ಸೂಜಿ ಹಾಕಬೇಕಾಗುತ್ತದೆ, ಅಂದಾಜಿನಲ್ಲಿ ಗಡ್ಡೆ ತಪ್ಪಿಹೋಗಲೂಬಹುದು ಅಂದರು. ತಡ ಮಾಡಬೇಡಿ ಅಂತ ಎರಡು ಸಲ ಅಂದರು. ಗಡ್ಡೆ ಇದ್ದು ಗ್ರಂಥಿಯ ಗೋಡೆ ದಾಟಿತೆಂದರೆ ಎಲುಬಿಗೆ ಹತ್ತುತ್ತದೆ, ಆಮೇಲೆ ಕೈಯಲ್ಲಿ ಬಹಳ ಉಳಿಯುವುದಿಲ್ಲ ಅಂದರು. ಜೈನುದ್ದೀನ ಎಲ್ಲವನ್ನೂ ಕೇಳಿ, ಮಷಿನ್ನೇ ಏನಿಲ್ಲ ಅಂದಿದೆ, ಮೂತ್ರವೂ ಚಲೋ ಆಗುತ್ತಿದೆ, ನನಗೆ ಡ್ಯೂಟಿಗೆ ಹೋಗಲು ಬರೆದುಕೊಡಿ ಅಂದ. ನನಗೆ ತಲೆ ಕೆಟ್ಟುಹೋಯಿತು.

ಅವನು ಡ್ಯೂಟಿಗೆ ಬಂದ. ಗುಳಿಗೆಯ ಪುಣ್ಯ, ಟೈರ್ ನೋಡುವುದು ನಿಂತಿತು. ಹಿಪ್ಪರಗಿಯ ಹೆಣ್ಣುಮಕ್ಕಳು ಟೈರು ಹೊಸವು ಹಾಕಿಸಿದಿರೇನು ಅಂದರು. ಅವನು ಮೀಸೆಯಲ್ಲೇ ನಕ್ಕ. ನನಗೆ ಮಾತ್ರ ಆ ದಿನಗಳಷ್ಟು ಕೆಟ್ಟ ದಿನಗಳು ನೆನಪಿಲ್ಲ. ಕ್ಯಾಬಿನ್ನಿನ ಹಿಂದೆ ನಿಂತರೆ ಅವನ ಕುತ್ತಿಗೆ ಕಾಣುತ್ತಿತ್ತು. ಹೊಸದಾಗಿ ಕ್ಷೌರ ಮಾಡಿಸಿಕೊಂಡ ಗಟ್ಟಿ ಕುತ್ತಿಗೆ, ಹಾಡು ಗುನುಗುವ ಬಾಯಿ. ಇವನೊಳಗೆ ಅದು ಬೆಳೆಯುತ್ತಿದೆಯೋ, ಇವತ್ತು ಗೋಡೆ ದಾಟಿತೋ, ನಾಳೆ ದಾಟುತ್ತದೋ ಅಂತ ಟಿಕೆಟ್ ತೆಗೆಯುವಾಗ, ಚಿಲ್ಲರೆ ಕೊಡುವಾಗ, ಸದಾ ಅದೇ ತಲೆಯಲ್ಲಿ. ಒಂದು ಸಲ ಬಾಗೇವಾಡಿಗೆ ಕೇಳಿದವರಿಗೆ ಸಿಂದಗಿಯ ಟಿಕೆಟ್ ಕೊಟ್ಟು ಬೈಸಿಕೊಂಡೆ.

ದಿನಾ ಕೇಳಿದೆ, ದಿನಾ ಜಗಳವಾಯಿತು. ನೀನೇ ಹೋಗಿ ಆ ಪೈಪಿನೊಳಗೆ ಮಲಗು ಅಂದ. ನಿನ್ನ ಹೆಂಡತಿಯ ಗತಿ ಯೋಚಿಸು ಅಂದೆ. ಅಲ್ಲಿಗೆ ಮಾತು ನಿಂತೇಹೋಯಿತು. ಊಟದ ಡಬ್ಬಿ ಬೇರೆಬೇರೆ ಬೆಂಚಿನ ಮೇಲೆ ಬಿಚ್ಚಿದೆವು. ಗಾಡಿಯಲ್ಲಿ ‘ರೈಟ್’, ‘ಹೋಲ್ಡಾನ್’ ಎರಡೇ ಮಾತು. ಗೌಸಬಿ ಬಾಗಿಲಲ್ಲಿ ನಿಂತು, ಅಣ್ಣಾ ನೀವೇ ಏನಾದರೂ ಮಾಡಿರಿ, ನನ್ನ ಮಾತು ಕೇಳುವ ಮನುಷ್ಯ ಅಲ್ಲ ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಮಾತೂ ಈಗ ಕೇಳುವುದಿಲ್ಲ ವೈನಿ ಅಂದೆ.

ಬಿಸಿಲು ಏರುವ ದಿನಗಳಲ್ಲಿ ಬಾಗೇವಾಡಿ ಸ್ಟ್ಯಾಂಡಿನಲ್ಲಿ ನಮ್ಮ ಗಾಡಿಯ ಬೆಲ್ಟು ಹರಿಯಿತು. ಮೆಕ್ಯಾನಿಕ್ ಬರುವ ತನಕ ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಸುಮ್ಮನಿರಲಾರದೆ ನಾನೇ ಕೆಣಕಿದೆ. ಅಷ್ಟು ಹೊತ್ತು ಆ ಪೈಪಿನೊಳಗೆ ಏನು ಕಡಿದು ಕಟ್ಟೆ ಹಾಕುತ್ತಿದ್ದೆ ಅಂತ ಕೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಬೈಯಲಿಲ್ಲ.

“ಗಾಡಿ ಹೊಡ್ಯಾಕತ್ತಿದ್ದೆ,” ಅಂದ.

ಮೂಗಿನ ಹತ್ತಿರವೇ ಮಷಿನ್ನಿನ ಗೋಡೆ, ಕಿವಿಯಲ್ಲಿ ಗದ್ದಲ, ಗೋರಿಯೊಳಗೆ ಹಾಕಿದಂತಾಗಿ ಜೀವ ಬಾಯಿಗೆ ಬಂತಂತೆ. ಅಲುಗಬಾರದು ಅಂತ ಹುಡುಗಿ ಹೇಳಿದ್ದು ನೆನಪಿತ್ತು. ಕಣ್ಣು ಮುಚ್ಚಿ, ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದನಂತೆ. ಇಂಡಿ ಸ್ಟ್ಯಾಂಡಿನಿಂದ ಗಾಡಿ ತೆಗೆದ. ಮಷಿನ್ನಿನ ಸದ್ದೇ ಇಂಜಿನ್. ಸದ್ದು ಏರಿದಾಗ ಹಳ್ಳದ ದಿಬ್ಬ ಹತ್ತಿದ, ನಿಂತಾಗ ಸಿಂದಗಿ ಬಂತು ಅಂದುಕೊಂಡ. ಮುದ್ದೇಬಿಹಾಳ ಮುಟ್ಟುವುದರೊಳಗೆ ಸ್ಕ್ಯಾನ್ ಮುಗಿಯಿತು, ಹೆದರಿಕೆಯೂ ಆಗಲಿಲ್ಲ, ಅಲುಗಲೂ ಇಲ್ಲ ಅಂತ ಹೇಳಿದ. ಹೇಳುತ್ತ ಹೇಳುತ್ತ ಅವನು ಕಣ್ಣು ಮುಚ್ಚಿದ್ದ. ಎತ್ತು ಅಡ್ಡ ಬರುವ ತಿರುವು ಬಂತು ಅಂದ, ಹಿಪ್ಪರಗಿಯ ಸಂತೆಯ ಗದ್ದಲ ಬಂತು ಅಂದ.

ನಾನು ಅವನ ಮುಖ ನೋಡುತ್ತಿರಲಿಲ್ಲ. ಕಟ್ಟೆಯ ಕೆಳಗೆ ಅವನ ಬಲಗಾಲು ನೋಡುತ್ತಿದ್ದೆ. ತಿರುವು ಅಂದಾಗ ಹೆಬ್ಬೆರಳು ಏರಿತು, ಪಾದ ಎಡಕ್ಕೆ ಸರಿದು ಇಲ್ಲದ ಬ್ರೇಕನ್ನು ಒತ್ತಿತು. ಸಂತೆ ಅಂದಾಗ ಮತ್ತೆ ಒತ್ತಿತು, ಈ ಸಲ ಜೋರಾಗಿ, ತೊಡೆಯವರೆಗೂ ಬಿಗಿದುಕೊಂಡು. ಅವನಿಗೆ ಅದರ ಅರಿವೇ ಇರಲಿಲ್ಲ.

ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಹಿಡಿದೆ. ಕಣ್ಣು ತೆರೆದ. ನಿನ್ನ ಕಾಲು ನೋಡಿಕೋ ಅಂದೆ. ಪಾದ ಇನ್ನೂ ಅರ್ಧ ಒತ್ತಿಕೊಂಡೇ ಇತ್ತು. ಅವನು ಅದನ್ನು ಯಾರದೋ ಕಾಲು ಅನ್ನುವಂತೆ ಬಹಳ ಹೊತ್ತು ನೋಡಿದ. ನೀನು ಸುಳ್ಳು ಹೇಳಿರಲಿಲ್ಲ ಜೈನಣ್ಣ, ಆ ಹುಡುಗಿಯೂ ಹೇಳಿರಲಿಲ್ಲ, ಕಾಲು ತನ್ನ ಡ್ಯೂಟಿ ಮಾಡಿದೆ, ಇನ್ನಾದರೂ ನಡೆ ಅಂದೆ. ಒಪ್ಪುತ್ತಾನೆ ಅಂದುಕೊಂಡೆ. ಒಪ್ಪಲಿಲ್ಲ. ಆಮೇಲೆ ನಿಧಾನವಾಗಿ ನಿಜ ಹೊರಗೆ ಬಂತು.

“ಚೊಕ್ಕ ಬಂದ್ರ ಏನ ಕಾಣತೈತೋ ಅಪ್ಪಾಸಾಬ. ಮಸಕ ಇದ್ದದ್ದ ಚಲೋ ಐತಿ.”

ಮೊಂಡತನ ಅಲ್ಲ, ಹೆದರಿಕೆ. ಇಷ್ಟು ದಿನ ಅದರ ಜೊತೆ ಒಬ್ಬನೇ ಗಾಡಿ ಹೊಡೆದಿದ್ದ. ಸಮಾಧಾನ ಹೇಳುವ ಬುದ್ಧಿ ನನಗಿಲ್ಲ, ಸಿಟ್ಟೇ ಬಂತು. ಕಣ್ಣಲ್ಲಿ ನೀರೂ ಬಂತು, ಅದು ಬೇರೆ ಮಾತು.

“ಗ್ಲಾಸ್ ಒರಸದ ಒಂದ ದಿನಾ ಗಾಡಿ ತಗದೀಯೇನ ನೀ?” ಅಂದೆ. “ಮಂದಿ ಜೀವಕ್ಕಷ್ಟ ಗ್ಲಾಸ್ ಒರಸೋದು, ನಿನ್ನ ಜೀವಕ್ಕ ಬ್ಯಾಡೇನು?”

ಅವನು ಎದ್ದು ಹೋಗಿ ಗಾಡಿಯ ಮುಂದೆ ನಿಂತ. ಮೆಕ್ಯಾನಿಕ್ ಬಂದ, ಬೆಲ್ಟು ಹಾಕಿದ. ಹೊರಡುವ ಮುಂಚೆ ಜೈನುದ್ದೀನ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, ನೀನೂ ಒಳಗೆ ಬರುವುದಾದರೆ ಮಲಗುತ್ತೇನೆ, ಇಲ್ಲವಾದರೆ ಕಾಲು ನನ್ನ ಮಾತು ಕೇಳುವುದಿಲ್ಲ ಅಂದ.

ಎರಡನೆಯ ಸಲ ಗೌಸಬಿ ಹಿಂದಿನ ದಿನದಿಂದಲೇ ಅವನನ್ನು ಗಂಜಿಯ ಮೇಲೆ ಇಟ್ಟಳು. ಹೊಟ್ಟೆ ಖಾಲಿ ಮಾಡಿಸಿಕೊಂಡು, ಒಂದಿಷ್ಟೂ ತಕರಾರಿಲ್ಲದೆ ಅವನು ಬಂದ. ವಿಜಯಶ್ರೀ ನಮ್ಮನ್ನು ಗುರುತು ಹಿಡಿದಳು. ನಾನು ಕಾಲಿನ ಕಥೆ ಹೇಳಿದೆ. ನಗುತ್ತಾಳೆ ಅಂದುಕೊಂಡರೆ ನಗಲಿಲ್ಲ. ಕರುಳು ಸುಮ್ಮನಿರಲು ಒಂದು ಸೂಜಿ ಮಾಡಿಸಿದಳು, ಮೊಣಕಾಲ ಕೆಳಗೆ ದಿಂಬು ಇಟ್ಟು ಪಟ್ಟಿ ಕಟ್ಟಿದಳು. ಆದರೂ ಬೆರಳು ಒತ್ತಿದರೆ ಸೊಂಟದವರೆಗೂ ಗೊತ್ತಾಗುತ್ತದೆ, ಮನಸ್ಸಿನಿಂದಲೇ ಸುಮ್ಮನಿರಬೇಕು ಕಾಕಾ ಅಂದಳು. ಅವನು ನನ್ನನ್ನು ನೋಡಿದ. ಮೊದಲ ಸಲ ಅವನ ಕಣ್ಣಿನಲ್ಲಿ ಭಿಕ್ಷೆ ಬೇಡುವಂಥದ್ದನ್ನು ಕಂಡೆ.

ಅವಳ ಜೊತೆ ಕಿಟಕಿಯ ಹಿಂದಿನ ಕೋಣೆಗೆ ಹೋದೆ. ದಪ್ಪ ಗ್ಲಾಸಿನಾಚೆ ಮಷಿನ್ನಿನಿಂದ ಅವನ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಸವೆದ ಹಿಮ್ಮಡಿ, ಬಲಗಾಲಿನ ಹೆಬ್ಬೆರಳ ಕೆಳಗೆ ಪೆಡಲಿನಿಂದ ಬಿದ್ದ ದಡ್ಡು. ಅವಳು ಮೈಕನ್ನು ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದಳು. ಏನು ಹೇಳಬೇಕು ಅಂತ ಯೋಚಿಸಿಯೇ ಇರಲಿಲ್ಲ. ಬಾಯಿಂದ ತಾನೇ ಬಂತು.

“ಜೈನಣ್ಣಾ, ಕೇಳಸ್ತೈತೇನು? ಗಾಡಿ ಇಂಡಿ ಸ್ಟ್ಯಾಂಡಿನ್ಯಾಗ ಐತಿ. ಇಂಜಿನ್ ಚಾಲೂ ಐತಿ. ಮಂದಿ ಹತ್ತಾಕತ್ತೈತಿ, ಬಾಗಲಾಗ ಒಬ್ಬಾಕಿ ಬಸರಿ ಅದಾಳ. ನಾ ರೈಟ್ ಅನ್ನೂತನಕ ಗಾಡಿ ಅಲುಗಬಾರದು.”

ಮಷಿನ್ ಶುರುವಾಯಿತು.

ಗದ್ದಲ ಕೋಣೆಯೊಳಗೂ ಬಂತು. ನಾನು ಆ ಹೆಬ್ಬೆರಳಿನಿಂದ ಕಣ್ಣು ತೆಗೆಯಲಿಲ್ಲ. ಸದ್ದು ನಿಂತಿತು. ಹೋದ ಸಲ ಇಲ್ಲೇ ಸಿಂದಗಿ ಬಂದಿತ್ತು. ವಿಜಯಶ್ರೀ ಗುಂಡಿ ಒತ್ತಿದಳು, ಇನ್ನೂ ಮಂದಿ ಹತ್ತುತ್ತಿದೆ ಅಂತ ಹೇಳಿದೆ. ಮತ್ತೆ ಶುರುವಾಯಿತು, ಈ ಸಲ ದಿಬ್ಬ ಹತ್ತುವ ದನಿ. ನಿಂತಿತು. ಬಸುರಿ ಇನ್ನೂ ಕುಳಿತಿಲ್ಲ ಅಂದೆ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು, ಆ ಕೋಣೆಯಲ್ಲಿ ಎಸಿ ಇತ್ತು. ಎಲ್ಲಕ್ಕಿಂತ ಮುಖ್ಯವಾದ ಚಿತ್ರ ಈಗ ಬರುತ್ತದೆ ಅಂತ ವಿಜಯಶ್ರೀ ಪಿಸುಗುಟ್ಟಿದಳು. ಆ ಸದ್ದು ಬೇರೆಯೇ ಇತ್ತು, ಬ್ರೇಕ್ ಫೇಲಾದ ಗಾಡಿ ಹಾರ್ನ್ ಹೊಡೆದುಕೊಂಡು ಎದುರಿಗೆ ಬಂದಂತೆ. ಹೆಬ್ಬೆರಳು ಏರಿತು.

ಮೈಕು ಬಂದ್ ಆಗಿತ್ತು. ನಡುವೆ ಮಾತಾಡುವಂತಿಲ್ಲ. ಬ್ಯಾಡ, ಬ್ಯಾಡ ಅಂತ ನಾನು ಗ್ಲಾಸಿಗೆ ಹಣೆ ಹಚ್ಚಿ ಬಾಯೊಳಗೇ ಅಂದುಕೊಂಡೆ. ನಾನು ರೈಟ್ ಅಂದಿಲ್ಲ. ಬೆರಳು ಹಾಗೇ ಗಾಳಿಯಲ್ಲಿ ನಿಂತಿತ್ತು. ಒತ್ತಲಿಲ್ಲ. ಆಮೇಲೆ ಬಹಳ ಮೆಲ್ಲಗೆ, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದಂತೆ ಕೆಳಗೆ ಇಳಿಯಿತು. ವಿಜಯಶ್ರೀ ತೆರೆಯನ್ನೇ ನೋಡುತ್ತಿದ್ದಳು. ಚಿತ್ರ ಕೆಟ್ಟಿಲ್ಲ ಅಂದಳು.

ಕೊನೆಯ ಸದ್ದು ನಿಂತ ಮೇಲೆ ಅವಳು ನನಗೆ ತಲೆಯಾಡಿಸಿ ಗುಂಡಿ ಒತ್ತಿದಳು.

“ರೈಟ್,” ಅಂದೆ.

ಆ ಬಲಗಾಲು ಪಟ್ಟಿಯ ಕೆಳಗೇ ಮುಂದಕ್ಕೆ ಒತ್ತಿತು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ಚಿತ್ರ ಚೊಕ್ಕ ಬಂದಿತ್ತು. ಚೊಕ್ಕ ಬಂದದ್ದರಿಂದಲೇ ಅದೂ ಕಂಡಿತು. ಡಾಕ್ಟರ್ ಮುತ್ತುರಾಜ ಪೆನ್ನಿನ ತುದಿಯಿಂದ ತೋರಿಸಿದರು. ಕಡಲೆ ಕಾಳಿನಷ್ಟು ಕಪ್ಪು ಕಲೆ, ಗ್ರಂಥಿಯ ಹಿಂಬದಿಯಲ್ಲಿ, ಗೋಡೆಯ ಒಳಗೇ ಆತುಕೊಂಡಿತ್ತು. ನನ್ನಂಥವನಿಗೂ ಕಂಡಿತು. ನೇರ ಅಲ್ಲಿಗೇ ಸೂಜಿ ಹಾಕಿ ಚೂರು ತೆಗೆದರು. ಕ್ಯಾನ್ಸರ್ ಹೌದು, ಸುಮ್ಮನೆ ಬಿಡುವಂಥ ಜಾತಿಯದಲ್ಲ ಅಂತ ಬಂತು. ಗೋಡೆ ದಾಟಿಲ್ಲ, ಎಲುಬಿಗೂ ಹತ್ತಿಲ್ಲ, ಈಗ ಆಪರೇಷನ್ ಮಾಡಿದರೆ ಪೂರ್ತಿ ತೆಗೆಯಬಹುದು ಅಂದರು ಡಾಕ್ಟರು.

“ಹ್ವಾದ ಸಲಾನೂ ಇದು ಅಲ್ಲೇ ಇತ್ತೇನ್ರಿ?” ಅಂತ ಜೈನುದ್ದೀನ ಕೇಳಿದ.

“ಇತ್ತ್ರಿ. ಅಲ್ಲೇ ಕುಂತಿತ್ತು,” ಅಂದರು.

ಅವನು ತನ್ನ ಬಲಗಾಲನ್ನು ಎಡಗಾಲಿನ ಹಿಂದೆ ಸರಿಸಿಕೊಂಡ. ಗೌಸಬಿ ಅಳುತ್ತಾಳೆ ಅಂತ ನಾನು ಹೆದರಿದ್ದೆ. ಅವಳು ಮನೆಗೆ ಹೋದವಳೇ ಸಕ್ಕರೆ ತರಿಸಿ ಓದಿಸಿದಳು. ಗಂಡನಿಗೆ ಕ್ಯಾನ್ಸರ್ ಬಂದರೆ ಇವಳಿಗೇನು ಹುಚ್ಚೇ ಅಂತ ಓಣಿಯವರು ಬಾಯಿ ಮೇಲೆ ಕೈಯಿಟ್ಟರು. ಹೋದ ಸಲ ಏನೂ ಕಾಣದೆ ಹಂಚಿದ್ದೆ, ಈ ಸಲ ಕಂಡದ್ದಕ್ಕೆ ಹಂಚುತ್ತಿದ್ದೇನೆ, ಗೋಡೆಯ ಒಳಗೇ ಇರುವಾಗ ಕಂಡಿತಲ್ಲ ಅಂದಳು. ಈ ಸಲದ ಸಕ್ಕರೆ ನನ್ನ ಗಂಟಲಿನಲ್ಲಿ ಇಳಿಯಿತು.

ಮಳೆಗಾಲ ಹಿಡಿಯುವ ಮುಂಚೆ ಆಪರೇಷನ್ ಗೊತ್ತಾಯಿತು. ಆ ದಿನ ನಾನು ರಜೆ ಹಾಕಿದೆ. ಗೌನು ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ತಂದು ಥಿಯೇಟರಿನ ಬಾಗಿಲಲ್ಲಿ ನಿಲ್ಲಿಸಿದರು. ಒಳಗಿನವರು ಅವಸರ ಮಾಡುತ್ತಿದ್ದರು. ಜೈನುದ್ದೀನ ಕೈ ಚಾಚಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡ. ಬಿಡಿ ಕಾಕಾ ಅಂದರೂ ಬಿಡಲೊಲ್ಲ. ತಲೆ ಎತ್ತಿ ನನ್ನನ್ನು ಹುಡುಕಿದ. ಅವನಿಗೆ ಏನು ಬೇಕು ಅಂತ ನನಗೆ ಗೊತ್ತಿತ್ತು.

ಬಾಯಿ ತುಂಬ ಚಹಾ ಇದ್ದಾಗಲೂ, ಜ್ವರ ಬಂದಾಗಲೂ, ಅವನ ಜೊತೆ ಜಗಳಾಡಿದ ದಿನವೂ ಅಂದ ಮಾತು ಅದು. ಬಾಯಿ ತೆರೆದೆ. ದನಿ ಬರಲಿಲ್ಲ. ಗೋಡೆ ಹಿಡಿದುಕೊಂಡು ಮತ್ತೆ ತೆರೆದೆ. ಬರೀ ಗಾಳಿ ಬಂತು. ಒಳಗೆ ಹೋದವನು ಹೊರಗೆ ಬರದಿದ್ದರೆ ಕಳಿಸಿದವನು ನಾನಾಗುತ್ತೇನೆ ಅನ್ನಿಸಿತು. ಅವನ ಬೆರಳುಗಳು ಚೌಕಟ್ಟಿನ ಮೇಲೆ ಬೆಳ್ಳಗಾಗಿದ್ದವು.

ಗೌಸಬಿ ನನ್ನನ್ನು ಸರಿಸಿ ಮುಂದೆ ಬಂದಳು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು. ಅವನ ಹಣೆಯ ಮೇಲೆ ಕೈಯಿಟ್ಟಳು.

“ರೈಟ್,” ಅಂದಳು.

ಅವನು ಅವಳ ಮುಖ ನೋಡಿದ, ಚೌಕಟ್ಟು ಬಿಟ್ಟ.